ಖಿರ್ದಿ ಪುಸ್ತಕದಿಂದ ಕಂಪ್ಯೂಟರಿಗೆ: ಸಹಕಾರ ಸಂಘವನ್ನು ದಾಟಿಸುವ ಬಗೆ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ಕಾಲದಿಂದಲೂ ನಮ್ಮ ಹಳ್ಳಿಗಳ ಷೇರು, ಸಾಲ, ಠೇವಣಿಗಳ ಲೆಕ್ಕ ಖಿರ್ದಿಯಂಥ (ದಿನದ ಜಮಾ-ಖರ್ಚಿನ) ಕೈಬರಹದ ಪುಸ್ತಕಗಳಲ್ಲಿಯೇ ನಡೆದುಬಂದಿತ್ತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮೇಲೆ ಈ ಬದಲಾವಣೆ ಸಣ್ಣ ಸಂಘಗಳ ಬಾಗಿಲಿಗೂ ಬಂದಿದೆ. ಯಂತ್ರವೂ ತಂತ್ರಾಂಶವೂ ಮೇಲಿನಿಂದ ಬರುತ್ತವೆ; ಸದಸ್ಯರನ್ನೂ ಸಿಬ್ಬಂದಿಯನ್ನೂ ಹಳೆಯದರಿಂದ ಹೊಸದಕ್ಕೆ ಕರೆದೊಯ್ಯುವ ಹೊಣೆ ಮಾತ್ರ ಅಧ್ಯಕ್ಷರು, ನಿರ್ದೇಶಕರು ಮತ್ತು ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಮೇಲೆಯೇ ಬೀಳುತ್ತದೆ. ತಂತ್ರಾಂಶವನ್ನು ಕಲಿಯುವುದು ಈ ಕೆಲಸದ ಸುಲಭದ ಭಾಗ. ಹಳೆಯ ಶಿಲ್ಕುಗಳನ್ನು, ಅಂದರೆ ಖಾತೆಗಳಲ್ಲಿ ಉಳಿದ ಮೊತ್ತಗಳನ್ನು, ಸದಸ್ಯರ ಎದುರಿನಲ್ಲಿ ತಾಳೆ ನೋಡುವುದು ಕಷ್ಟದ ಭಾಗ, ಮತ್ತು ಮುಂದಾಳುಗಳ ಸಮಯ ಹೆಚ್ಚಾಗಿ ಅಲ್ಲಿಯೇ ವ್ಯಯವಾಗಬೇಕು.

ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡುವ ಮೊದಲು, ಏನು ಬದಲಾಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಡ್ಡಿದರ, ಬೆಳೆ ಸಾಲದ ಮಿತಿ, ಷೇರು ಹಣ, ಠೇವಣಿ ಹಿಂಪಡೆಯುವ ಹಕ್ಕು ಇವು ಕಂಪ್ಯೂಟರ್ ಬಂದ ಕಾರಣಕ್ಕೆ ಬದಲಾಗುವುದಿಲ್ಲ ಎಂದು ಸದಸ್ಯರಿಗೆ ಮೊದಲೇ ತಿಳಿಯದೆ ಹೋದರೆ, ಸಂಘವನ್ನು ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು ನುಂಗಿಹಾಕುತ್ತದಂತೆ ಎಂಬ ಮಾತು ಚಹಾದಂಗಡಿಯಲ್ಲಿ ಹುಟ್ಟಿ, ಠೇವಣಿದಾರರು ಪಾಸ್‌ಬುಕ್ ಹಿಡಿದು ಸಾಲುಗಟ್ಟುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಹೇಳಿದ್ದೇವೆ ಎಂದು ಸುಮ್ಮನಾಗಬೇಡಿ, ಏಕೆಂದರೆ ಮಹಾಸಭೆಗೆ ಬರುವವರಿಗಿಂತ ಬಾರದವರೇ ಹೆಚ್ಚು. ಗೊಬ್ಬರ ಒಯ್ಯಲು ಬಂದವರಿಗೆ, ಪಡಿತರದ ಸಾಲಿನಲ್ಲಿ ನಿಂತವರಿಗೆ, ಸಾಲದ ನವೀಕರಣಕ್ಕೆ ಬಂದವರಿಗೆ ಅದೇ ಮಾತನ್ನು ಅಧ್ಯಕ್ಷರೇ ತಮ್ಮ ಬಾಯಿಂದ ಹೇಳಬೇಕು.

ಇನ್ನು ತಾಳೆಯ ಕೆಲಸ. ಮಾರ್ಚ್ 31ರ ಅಖೈರು (ಕೊನೆಯ) ಶಿಲ್ಕನ್ನೇ ಹೊಸ ವ್ಯವಸ್ಥೆಯ ಆರಂಭದ ಶಿಲ್ಕಾಗಿಸುವುದು ಲೆಕ್ಕಪತ್ರದ ದೃಷ್ಟಿಯಿಂದ ಸರಿ. ಆದರೆ ವಸೂಲಿ ಮತ್ತು ನವೀಕರಣಗಳು ಒಟ್ಟಿಗೆ ಮೈಮೇಲೆ ಬರುವ ಆ ತಿಂಗಳಲ್ಲಿ ತಾಳೆ ನೋಡುತ್ತೇವೆಂದು ಹೊರಡುವುದು ವಿವೇಕವಲ್ಲ. ಆದ್ದರಿಂದ ಕನಿಷ್ಠ ಆರು ತಿಂಗಳು ಮುಂಚಿತವಾಗಿ, ನಿಮ್ಮ ಊರಿನ ಸುಗ್ಗಿ ಮತ್ತು ಬಿತ್ತನೆಯ ಕಾಲವನ್ನು ನೋಡಿಕೊಂಡು, ಒಂದೊಂದೇ ಖಾತಾ ಪುಸ್ತಕವನ್ನು ಕೈಗೆತ್ತಿಕೊಳ್ಳಿ. ಸದಸ್ಯವಾರು ಖಾತೆಗಳ ಮೊತ್ತ ಸಂಘದ ಒಟ್ಟು ಲೆಕ್ಕವಿರುವ ಸಾಮಾನ್ಯ ಖಾತೆಯ ಮೊತ್ತಕ್ಕೆ ಹೊಂದದಿರುವುದು, ತೀರಿಕೊಂಡವರ ಷೇರು ವಾರಸುದಾರರಿಗೆ ವರ್ಗಾವಣೆಯಾಗದೆ ಉಳಿದಿರುವುದು, ಒಂದೇ ಹೆಸರಿನ ಇಬ್ಬರು ಬಸಪ್ಪಂದಿರ ಜಮೆ ಅದಲುಬದಲಾಗಿರುವುದು, ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು, ಷೇರು ರಿಜಿಸ್ಟರಿನಲ್ಲೊಂದು ಎಂಬಂತೆ ಹೆಸರಿನ ಅಕ್ಷರಗಳು ಬೇರೆಯಾಗಿರುವುದು, ಇವೆಲ್ಲ ಆಗ ಹೊರಬೀಳುತ್ತವೆ. ಗಡುವು ಹತ್ತಿರ ಬಂತೆಂದು ಹೊಂದದ ಮೊತ್ತವನ್ನೆಲ್ಲ ಅಮಾನತ್ತು ಖಾತೆಗೆ (ಇತ್ಯರ್ಥವಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ) ತಳ್ಳಿ ಮುಂದೆ ಸಾಗುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಹಳೆಯ ತಪ್ಪು ಅಚ್ಚಾಗಿ ಹೊರಬರುತ್ತದೆ, ಮತ್ತು ಕೈಬರಹಕ್ಕಿಂತ ಅಚ್ಚಿನ ತಪ್ಪನ್ನು ಜನ ಹೆಚ್ಚು ನಂಬುತ್ತಾರೆ.

ಪ್ರತಿಯೊಬ್ಬ ಸದಸ್ಯನಿಗೂ ಅವನ ಷೇರು, ಸಾಲದ ಬಾಕಿ ಮತ್ತು ಠೇವಣಿಯನ್ನು ತೋರಿಸುವ ಚೀಟಿಯನ್ನು ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ, ಒಪ್ಪಿಗೆಯ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಿರಿ. ರಾಜ್ಯದ ಭೂದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಮುದ್ರಿತ ಪ್ರತಿಗಳನ್ನು ಗ್ರಾಮಲೆಕ್ಕಿಗರು ಮೂಲದೊಡನೆ ತಾಳೆ ನೋಡಬೇಕಾಗಿತ್ತು. ಸಂಘದಲ್ಲಿ ಇನ್ನೂ ಒಂದು ಅನುಕೂಲವಿದೆ, ಲೆಕ್ಕದ ಒಡೆಯನೇ ಎದುರಿಗೆ ನಿಂತಿರುತ್ತಾನೆ. ವ್ಯತ್ಯಾಸ ಕಂಡಲ್ಲಿ ಆ ಪುಸ್ತಕವನ್ನು ಬರೆದವರೊಬ್ಬರೇ ಅದನ್ನು ಬಗೆಹರಿಸುವುದು ಬೇಡ. ಒಬ್ಬ ನಿರ್ದೇಶಕರು, ಬೇರೆ ಪುಸ್ತಕ ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಮತ್ತು ಆ ಸದಸ್ಯ ಮೂವರೂ ಕುಳಿತು ನೋಡಲಿ, ತೀರ್ಮಾನ ನಡಾವಳಿ ಪುಸ್ತಕಕ್ಕೆ ಏರಲಿ. ಬಹುಪಾಲು ವ್ಯತ್ಯಾಸಗಳು ಕೈತಪ್ಪಿನವು ಎಂಬ ನಂಬಿಕೆಯಿಂದಲೇ ಕೆಲಸ ಆರಂಭಿಸಬೇಕು, ಇಲ್ಲವಾದರೆ ಸಿಬ್ಬಂದಿ ಪುಸ್ತಕಗಳನ್ನು ಬಿಚ್ಚಿಡಲು ಹೆದರುತ್ತಾರೆ. ಆದರೆ ಹಣ ದುರುಪಯೋಗವಾದ ಗುರುತು ಸ್ಪಷ್ಟವಾಗಿ ಕಂಡಾಗ ಸಂಘದ ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಿಡಬಾರದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಅದಕ್ಕೆ ವಿಚಾರಣೆಯ ದಾರಿ ಇದೆ.

ಬಹಳ ಸಂಘಗಳಲ್ಲಿ ಒಬ್ಬ ಹಿರಿಯ ಗುಮಾಸ್ತರಿರುತ್ತಾರೆ. ಯಾರ ಜಾಮೀನಿನ ಮೇಲೆ ಯಾರಿಗೆ ಸಾಲ ಹೋಗಿದೆ, ಯಾರ ಸುಸ್ತಿ ಬಾಕಿ ನಿಜಕ್ಕೂ ಮಳೆ ಕೈಕೊಟ್ಟಿದ್ದರಿಂದ ಆದದ್ದು ಎಂಬುದೆಲ್ಲ ಅವರ ತಲೆಯಲ್ಲಿದೆ, ಮತ್ತು ಊರಿನಲ್ಲಿ ಅವರಿಗಿರುವ ಗೌರವವೂ ಆ ನೆನಪಿನಿಂದಲೇ ಬಂದದ್ದು. ಕಂಪ್ಯೂಟರ್ ಬಂದರೆ ತಾವು ಮೂಲೆಗುಂಪಾಗುತ್ತೇವೆಂಬ ಅವರ ಆತಂಕವನ್ನು ಮೊಂಡುತನವೆಂದು ತಿಳಿಯುವುದು ನಮ್ಮ ಆಡಳಿತ ಮಂಡಳಿಗಳ ಹಳೆಯ ದೋಷ. ಸಭೆಗೆ ಮುಂಚೆ ಅಧ್ಯಕ್ಷರು ಅವರೊಡನೆ ಒಬ್ಬರೇ ಕುಳಿತು, ‘ಗುಮಾಸ್ತರೇ, ಹುಡುಗರು ಏರಿಸಿದ್ದನ್ನು ನೀವು ನೋಡಿ ಸರಿ ಎನ್ನುವವರೆಗೆ ಒಂದು ಖಾತೆಯೂ ಮುಂದಕ್ಕೆ ಹೋಗುವುದಿಲ್ಲ’ ಎಂದು ಹೇಳಿ, ಆ ಮಾತನ್ನು ಠರಾವಿನಲ್ಲಿಯೂ ಸೇರಿಸಲಿ. ಹೊಸದಾಗಿ ಸೇರಿದ ಯುವಕ ದಾಖಲಿಸುವುದು, ಹಿರಿಯರು ಪರಿಶೀಲಿಸಿ ಅನುಮೋದಿಸುವುದು ಎಂಬ ಈ ಹಂಚಿಕೆ ತಂತ್ರಾಂಶದ ರಚನೆಗೂ ಹೊಂದುತ್ತದೆ. ಇಬ್ಬರೇ ಸಿಬ್ಬಂದಿ ಇರುವ ಸಂಘದಲ್ಲಿ ಒಂದೇ ಪಾಸ್‌ವರ್ಡ್ ಇಬ್ಬರ ಕೈಯಲ್ಲಿ ಓಡಾಡತೊಡಗಿದರೆ ಮಾತ್ರ ಆ ಹಂಚಿಕೆಗೆ ಅರ್ಥವಿಲ್ಲ. ಭೂಮಿ ಯೋಜನೆಯಲ್ಲಿ ಅಧಿಕಾರಿಗಳ ಬೆರಳಚ್ಚನ್ನು ಕೇಳಿದ್ದು ಇದೇ ಕಾರಣಕ್ಕೆ, ಮಾಡಿದವರು ಯಾರೆಂಬುದು ಮುಂದೆ ಪ್ರಶ್ನೆಯಾಗಬಾರದೆಂದು.

ಆರಂಭದಲ್ಲಿ ಪುಸ್ತಕ ಮತ್ತು ಕಂಪ್ಯೂಟರ್ ಎರಡನ್ನೂ ಜೊತೆಯಾಗಿ ನಡೆಸಿ, ಪ್ರತಿದಿನ ಸಂಜೆ ಕೈಶಿಲ್ಕು (ಕೈಯಲ್ಲಿ ಉಳಿದ ನಗದು) ಎರಡರಲ್ಲಿಯೂ ಒಂದೇ ಆಗಿದೆಯೇ ಎಂದು ನೋಡಿ ಸಹಿ ಹಾಕಬೇಕು. ಹೊಂದದ ದಿನ ಬಾಗಿಲು ಹಾಕುವ ಮೊದಲೇ ಕಾರಣ ಹುಡುಕಬೇಕು, ನಾಳೆಗೆ ಬಿಟ್ಟರೆ ನಾಳೆಯ ವ್ಯವಹಾರ ಅದರ ಮೇಲೆ ಕೂರುತ್ತದೆ. ಈ ಜೋಡಿ ನಡಿಗೆಗೆ ಕೊನೆಯ ದಿನಾಂಕವೊಂದನ್ನು ಮೊದಲೇ ಗೊತ್ತುಪಡಿಸಿ. ಗೊತ್ತುಪಡಿಸದಿದ್ದರೆ ಎರಡೂ ವರ್ಷಗಟ್ಟಲೆ ನಡೆಯುತ್ತವೆ, ಸಿಬ್ಬಂದಿಗೆ ದುಪ್ಪಟ್ಟು ದುಡಿಮೆಯಾಗುತ್ತದೆ, ಸಂದೇಹ ಬಂದಾಗಲೆಲ್ಲ ಎಲ್ಲರೂ ಪುಸ್ತಕವನ್ನೇ ತೆರೆಯುತ್ತಾರೆ. ಭೂಮಿ ಕೇಂದ್ರ ಆರಂಭವಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿದ ಮೇಲೆಯೇ ಹೊಸ ಪಹಣಿ ನೆಲೆಗೊಂಡದ್ದು. ತಾಳೆ ಮುಗಿಯದೆ ಆ ದಿನಾಂಕ ಬಂದುಬಿಟ್ಟರೆ ಕಾರಣ ಬರೆದು ಒಂದೇ ಸಲ ಮುಂದೂಡಿ, ಮತ್ತೆ ಮುಂದೂಡಬೇಡಿ.

ವಿದ್ಯುತ್ತು ಮತ್ತು ಇಂಟರ್‌ನೆಟ್ ಕೈಕೊಡುವ ದಿನಗಳಿಗೆ ಕ್ರಮಸಂಖ್ಯೆ ಅಚ್ಚಾದ ರಸೀದಿ ಪುಸ್ತಕವೊಂದು ಮೇಜಿನಲ್ಲಿರಲಿ. ಅಂದಿನ ರಸೀದಿಗಳನ್ನು ಮರುದಿನ ಬೆಳಿಗ್ಗೆ ಬೇರೆ ಕೆಲಸಕ್ಕೆ ಮುನ್ನ ದಾಖಲಿಸಲಿ.

ಮೊದಲ ಕೆಲವು ತಿಂಗಳು ತಿದ್ದುಪಡಿಯ ಅರ್ಜಿಗಳು ಹೆಚ್ಚಾಗಿ ಬರುತ್ತವೆ. ಅವನ್ನು ಸೋಲೆಂದು ಎಣಿಸದೆ, ಬಂದ ದಿನಾಂಕ ಮತ್ತು ಬಗೆಹರಿದ ದಿನಾಂಕ ಬರೆದ ಪಟ್ಟಿಯನ್ನು ಪ್ರತಿ ತಿಂಗಳು ಮಂಡಳಿಯ ಮುಂದಿಡಿ. ಅರ್ಜಿಯೇ ಬಾರದಿದ್ದರೆ ಸದಸ್ಯರಿಗೆ ಚೀಟಿ ತಲುಪಿದೆಯೇ ಎಂದು ವಿಚಾರಿಸಿ. ಹಳೆಯ ಖಾತಾ ಪುಸ್ತಕಗಳನ್ನು ಜಾಗ ಸಾಲದೆಂದು ರದ್ದಿಗೆ ಹಾಕಬೇಡಿ. ಅವಕ್ಕೆ ಬೈಂಡು ಹಾಕಿಸಿ, ವರ್ಷವಾರು ಪಟ್ಟಿ ಮಾಡಿ, ಗೆದ್ದಲು ಹತ್ತದ ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈ ಯಾರ ಬಳಿ ಇದೆಯೆಂಬುದನ್ನೂ ನಡಾವಳಿಯಲ್ಲಿ ಬರೆಯಿರಿ. ಜಾಮೀನುದಾರರ ತಕರಾರು ನ್ಯಾಯಾಲಯದ ಮೆಟ್ಟಿಲೇರಿದ ದಿನ ಮೊದಲು ಕೇಳುವುದು ಆ ಪುಸ್ತಕಗಳನ್ನೇ.