ಗಿಟಾರ್ ಮೇಷ್ಟ್ರ ಪಾಠವನ್ನು ಹಳೇ ಶಿಷ್ಯರೆಲ್ಲ ಸೇರಿ ಕೂಡಿಡುವುದು ಹೇಗೆ

ಮೇಷ್ಟ್ರು ತೀರಿಕೊಂಡಾಗ ಹಳೇ ಶಿಷ್ಯರೆಲ್ಲ ವಾಟ್ಸಾಪ್ ಗುಂಪಿನಲ್ಲಿ ಒಂದಾಗುತ್ತಾರೆ. "ಅಂಥ ಗುರು ಇನ್ನು ಸಿಗೋದಿಲ್ಲ" ಅಂತ ಬರೆಯುತ್ತಾರೆ. ಆ ಮಾತು ನಿಜವೇ. ಆದರೆ ಅವರು ಹೇಗೆ ಕಲಿಸುತ್ತಿದ್ದರು ಅನ್ನೋದು ಅದನ್ನು ಓದಿದ ಹೊಸಬರಿಗೆ ಒಂದಿಷ್ಟೂ ಗೊತ್ತಾಗುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮಗೆ ಗಿಟಾರ್ ಹೇಳಿಕೊಟ್ಟ ಸರ್ ಹೋದ ಮೇಲೆ ನಾವು ಕೂಡಿಡಲು ಹೊರಟಿದ್ದು ಅವರ ಪಾಠವನ್ನು. ನೀವೂ ನಿಮ್ಮ ಮೇಷ್ಟ್ರಿಗಾಗಿ ಈ ಕೆಲಸ ಮಾಡುವುದಾದರೆ ನಮ್ಮ ದಾರಿ ಉಪಯೋಗಕ್ಕೆ ಬರಬಹುದು.

ಮೊದಲು ಅವರ ಮನೆಯವರನ್ನು ಕೇಳಿ. ಫೋನಿನಲ್ಲಿ ಬೇಡ, ಹೋಗಿ ಕೂತು ಮಾತಾಡಿ. ನಾವು ಸರ್ ಮನೆಗೆ ಹೋದಾಗ ಆ ಮನೆಯ ಅಮ್ಮ ಹೇಳಿದ್ದು ಇಷ್ಟೇ: "ಏನು ಬೇಕಾದ್ರೂ ತಗೊಂಡು ಹೋಗ್ರಪ್ಪ, ಅವರ ಗಿಟಾರ್ ಮಾತ್ರ ಇಲ್ಲೇ ಇರಲಿ." ಅದಕ್ಕೆ ಗಿಟಾರಿನ ಕೆಲಸವನ್ನೆಲ್ಲ ಆ ಮನೆಯ ಜಗಲಿಯಲ್ಲೇ ಮಾಡಿದೆವು.

ಸೇರುವ ದಿನವನ್ನು ಯೋಚಿಸಿ ಇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಹೆಂಚಿನ ಮೇಲೆ ಅದು ಸುರಿಯುವಾಗ ರೆಕಾರ್ಡಿಂಗ್ ಆಗುವ ಮಾತೇ ಇಲ್ಲ, ಕರೆಂಟಿನ ಭರವಸೆಯೂ ಇಲ್ಲ. ಮಳೆ ಮುಗಿಯುತ್ತಿದ್ದಂತೆ ಅಡಿಕೆ ಕೊಯ್ಲು. ಸಾಗರ, ತೀರ್ಥಹಳ್ಳಿ, ಹೊಸನಗರದವರು ಆಗ ತಲೆ ಎತ್ತುವುದಿಲ್ಲ. ಬೇಸಿಗೆ ರಜೆಯೇ ಸರಿ. ಬೆಂಗಳೂರು, ಮಂಗಳೂರು ಸೇರಿದವರೂ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿರುತ್ತಾರೆ.

ಕರೆಯುವಾಗ ಎಲ್ಲರಿಗೂ ಗಿಟಾರ್ ತರಲು ಹೇಳಿ. ಬಿಟ್ಟು ವರ್ಷಗಳಾಗಿದ್ದರೂ ಬರಲಿ, ಅಲ್ಲೇ ಒಂದು ಕೊಟ್ಟರಾಯಿತು. ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ನಮ್ಮ ಸರ್ ಕಾರ್ಡ್ (ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ) ಹಿಡಿಸುವ ಮೊದಲು ಒಂದೇ ತಂತಿಯ ಮೇಲೆ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ನುಡಿಸಲು ಹೇಳುತ್ತಿದ್ದರು. ರಾಗ ಮಾಯಾಮಾಳವಗೌಳ. ಬೆರಳಿಡದ ತಂತಿಯೇ ಷಡ್ಜ, ಅಂದರೆ ಸ. ಆಮೇಲೆ 1, 4, 5, 7, 8, 11ನೇ ಫ್ರೆಟ್ (ಕತ್ತಿಗೆ ಅಡ್ಡಲಾಗಿರುವ ಲೋಹದ ಪಟ್ಟಿ), ಕೊನೆಗೆ 12ರಲ್ಲಿ ಮೇಲಿನ ಷಡ್ಜ. ಗಿಟಾರಿನ ಕತ್ತಿನ ಮೇಲೆ ಚುಕ್ಕೆಗಳಿರುತ್ತವಲ್ಲ, ಮ, ಪ, ಮೇಲಿನ ಸ ಮೂರೂ ಸರಿಯಾಗಿ 5, 7, 12ನೇ ಫ್ರೆಟ್ಟಿನ ಚುಕ್ಕೆಯ ಮೇಲೇ ಬರುತ್ತವೆ. "ದಾರಿ ತಪ್ಪಿದ್ರೆ ಚುಕ್ಕೆ ನೋಡು" ಅನ್ನುತ್ತಿದ್ದರು ಸರ್. ಸರಳೆ ವರಸೆ ಕಟ್ಟಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಅವರು ಹುಟ್ಟಿದ್ದು ಇಲ್ಲೇ ತೀರ್ಥಹಳ್ಳಿ ಕಡೆಯ ಕ್ಷೇಮಪುರದಲ್ಲಿ ಅನ್ನುವವರೂ ಇದ್ದಾರೆ. ಸರ್‌ಗೆ ಆ ವಿಷಯ ಬಲು ಇಷ್ಟ.

1ರಲ್ಲಿ ತೋರುಬೆರಳು, 4ರಲ್ಲಿ ಕಿರುಬೆರಳು. ಅಲ್ಲಿಂದ 5ಕ್ಕೆ ಹೋಗುವುದು ಹೇಗೆ? ತೋರುಬೆರಳನ್ನು ಎತ್ತಿ ತರಬೇಕೋ, ಕಿರುಬೆರಳನ್ನೇ ಜಾರಿಸಬೇಕೋ? ಬಾಯಿಮಾತಲ್ಲಿ ಕೇಳಿದಾಗ ಯಾರಿಗೂ ನೆನಪಿರಲಿಲ್ಲ. ಗಿಟಾರ್ ಕೈಗೆ ಕೊಟ್ಟೆವು. ಬ್ಯಾಂಕಿನಲ್ಲಿರುವ ಗೆಳೆಯ, ಕಾಲೇಜಿನಲ್ಲಿ ಪಾಠ ಮಾಡುವ ಅಕ್ಕ, ಒಬ್ಬರಾದ ಮೇಲೆ ಒಬ್ಬರು ನುಡಿಸಿದರು. ಎಲ್ಲರ ಕಿರುಬೆರಳೂ ತಂತಿ ಬಿಡದೆ ಜಾರಿತು. ಗಾಂಧಾರದಿಂದ (ಗ) ಮಧ್ಯಮಕ್ಕೆ (ಮ) ಆ ಸಣ್ಣ ಎಳೆತ, ನಮ್ಮ ಸರ್ ಕೈಯ ಎಳೆತವೇ ಅದು. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ. ಹಾಗಾಗಿ ಮೊದಲು ನುಡಿಸಲು ಹೇಳಿ, ಮಾತು ಆಮೇಲೆ.

ವಿಡಿಯೋ ಮಾಡುವಾಗ ಫೋನಿನ ಹಿಂದಿನ ಕ್ಯಾಮೆರಾ ಬಳಸಿ. ಸೆಲ್ಫಿ ಕ್ಯಾಮೆರಾದಲ್ಲಿ ಎಡ ಬಲ ತಿರುಗಿ ಬರುವುದುಂಟು, ಆಗ ನೋಡಿ ಕಲಿಯುವವರಿಗೆ ಗೊಂದಲ. ಮುಖ ಕಾಣದಿದ್ದರೂ ಪರವಾಗಿಲ್ಲ, ಎರಡೂ ಕೈ ಕಾಣಬೇಕು. ಫ್ಯಾನ್ ಆರಿಸಿ. ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ವಿಡಿಯೋವನ್ನು ಕುಗ್ಗಿಸಿಬಿಡುತ್ತದೆ.

ಇನ್ನು ಪ್ರಶ್ನೆಗಳು. "ಸರ್ ಹೇಗಿದ್ರು?" ಅಂತ ಕೇಳಿದರೆ ಹೊಗಳಿಕೆಯೇ ಬರುತ್ತದೆ. "ಮೊದಲ ದಿನ ಏನು ನುಡಿಸಿದೆ? ಬೆರಳ ತುದಿ ಉರಿಯುತ್ತೆ ಅಂದಾಗ ಏನಂದರು? ತಾಳ ತಪ್ಪಿದಾಗ ಏನು ಮಾಡುತ್ತಿದ್ದರು?" ಅಂತ ಕೇಳಿ. ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ಜಗಳ ಬೇಡ. ಪಿಕ್ ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆ. ನಮ್ಮಲ್ಲಿ ಹಿರಿಯರು "ಪಿಕ್ ಮುಟ್ಟೋಕೇ ಬಿಡ್ತಿರಲಿಲ್ಲ" ಅಂದರೆ, ಕಿರಿಯರು "ಮೊದಲ ದಿನವೇ ಪಿಕ್ ಕೊಟ್ಟರು" ಅಂದರು. ಇಬ್ಬರದ್ದೂ ನಿಜ. ಕಲಿತ ವರ್ಷವನ್ನು ಪಕ್ಕದಲ್ಲಿ ಬರೆದುಕೊಂಡಾಗ, ಸರ್ ಪಾಠದ ಕ್ರಮ ಕಾಲಕ್ಕೆ ತಕ್ಕ ಹಾಗೆ ಬದಲಾಗಿದ್ದು ಕಂಡಿತು. ನನಗೆ ಅವರ ಬಗ್ಗೆ ಗೌರವ ಇನ್ನೂ ಜಾಸ್ತಿಯಾಗಿದ್ದು ಆಗಲೇ.

ಕ್ಯಾಸೆಟ್ ಸಿಕ್ಕರೆ ಅದು ನಿಧಿ, ಅವಸರ ಮಾಡಬೇಡಿ. ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮೊದಲು ಮುರಿಯಿರಿ. ಆಗ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಕ್ಯಾಸೆಟ್ಟಿನ ಸಣ್ಣ ಕಿಟಕಿಯಿಂದ ಟೇಪ್ ನೋಡಿ. ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಗೊತ್ತಿರುವವರ ಕೈಗೆ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಕೊನೆ ತನಕ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ, ಆಮೇಲೆ ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ (ಹೊರಗಿನ ಧ್ವನಿ ಒಳಗೆ ಹೋಗುವ ತೂತು) ವೈರ್ ಹಾಕಿ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಡಬ್ಲ್ಯೂಎವಿ (WAV) ಧ್ವನಿ ಫೈಲ್ ಆಗಿ ಉಳಿಸಿ.

ಶ್ರುತಿ ಹೊಂದದಿದ್ದರೆ ಗಾಬರಿ ಬೇಡ. ಪ್ಲೇಯರ್ ಶೇಕಡಾ 6ರಷ್ಟು ಬೇಗ ಓಡಿದರೆ ಸಾಕು, ಎಲ್ಲ ಸ್ವರವೂ ಒಂದು ಫ್ರೆಟ್ ಮೇಲೆ ಕೇಳುತ್ತದೆ. ಅದೇ ಪ್ಲೇಯರಿನಲ್ಲಿ ಶ್ರುತಿ ಗೊತ್ತಿರುವ ಬೇರೆ ಕ್ಯಾಸೆಟ್ ಹಾಕಿ ನೋಡಿ. ಅದೂ ಮೇಲೆ ಕೇಳಿದರೆ ತಪ್ಪು ಪ್ಲೇಯರಿನದೇ ಇರಬೇಕು. ಅದು ಸರಿಯಿದ್ದರೆ, ಬಹುಶಃ ಮೇಷ್ಟ್ರು ಹಾಡುವವರಿಗೆ ಅನುಕೂಲ ಆಗಲಿ ಅಂತ ಕೇಪೋ (ಕತ್ತಿಗೆ ಬಿಗಿದು ಎಲ್ಲ ತಂತಿಯ ಶ್ರುತಿ ಏರಿಸುವ ಕ್ಲಿಪ್) ಹಾಕಿರಬಹುದು. ಅಲ್ಲಿ ಕೂತಿದ್ದ ಶಿಷ್ಯರನ್ನು ಕೇಳಿ.

ನೋಟ್‌ಬುಕ್ಕುಗಳನ್ನು ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಆರಲಿ. ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅಂಚಿನಲ್ಲಿ ಮೇಷ್ಟ್ರು ಕೆಂಪು ಪೆನ್ನಲ್ಲಿ ಬರೆದಿದ್ದು ಕಟ್ಟಾಗದಂತೆ ಇಡೀ ಹಾಳೆ ಬರಲಿ.

ಅವರ ಗಿಟಾರನ್ನು ಹೊಸದರ ಹಾಗೆ ಮಾಡಲು ಹೋಗಬೇಡಿ. ಬೆರಳು ಸವೆಸಿದ ಜಾಗಗಳ ಫೋಟೋ ತೆಗೆಯಿರಿ. ತಂತಿಗಳನ್ನು ಒಂದು ಸ್ವರದಷ್ಟು ಸಡಿಲ ಮಾಡಿ ಪೆಟ್ಟಿಗೆಯಲ್ಲಿಡಿ. ಗಾಳಿಯ ತೇವ ಶೇಕಡಾ 45ರಿಂದ 55ರ ಒಳಗಿದ್ದರೆ ಮರಕ್ಕೆ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಾಯಿಸಿ. ಮನೆಯವರಿಗೆ ಆ ಹೊರೆ ಬೇಡ. ಊರಲ್ಲೇ ಇರುವ ಶಿಷ್ಯರೊಬ್ಬರು ವಹಿಸಿಕೊಳ್ಳಲಿ. ನಮ್ಮಲ್ಲಿ ಆ ಕೆಲಸ ನನ್ನದು.

ಫೈಲಿನ ಹೆಸರಿನಲ್ಲಿ ಶಿಷ್ಯರ ಹೆಸರು, ಕಲಿತ ವರ್ಷ, ಪಾಠ ಮೂರೂ ಇರಲಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯವರಿಗೆ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಗೂಗಲ್ ಡ್ರೈವಿನಲ್ಲಿ. ಎಲ್ಲರಿಗೂ ಹಂಚುವ ಮೊದಲು ನುಡಿಸಿದವರನ್ನೂ ಮನೆಯವರನ್ನೂ ಇನ್ನೊಮ್ಮೆ ಕೇಳಿ. ಬೇಡ ಅಂದಿದ್ದನ್ನು ತೆಗೆದುಬಿಡಿ.