ಶಾಲಾ ಅನುದಾನ ಮಕ್ಕಳ ಕಲಿಕೆಯನ್ನು ತಲುಪುವಂತೆ ನೋಡಿಕೊಳ್ಳುವುದು ಹೇಗೆ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ಮಕ್ಕಳು ಓದುವ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಆಯ್ಕೆಯಾದ ಪೋಷಕರು, ತಮ್ಮ ಶಾಲೆಗೆ ವರ್ಷಕ್ಕೆ ಎಷ್ಟು ಹಣ ಬರಬೇಕೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ದಾಖಲಾತಿಯನ್ನು ಅವಲಂಬಿಸಿದೆ: ನೂರರೊಳಗಿನ ಮಕ್ಕಳಿರುವ ಶಾಲೆಗೂ ಇನ್ನೂರು ಮಕ್ಕಳಿರುವ ಶಾಲೆಗೂ ಮೊತ್ತ ಒಂದೇ ಅಲ್ಲ. ಆದ್ದರಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಕುಟುಂಬಗಳ ಮಕ್ಕಳ ಹೆಸರು ಯುಡೈಸ್ ಎಂಬ ಸರ್ಕಾರದ ಶಾಲಾ ಮಾಹಿತಿ ದಾಖಲೆಯಲ್ಲಿ ಉಳಿದಿದೆಯೇ ಎಂದು ಮುಖ್ಯ ಶಿಕ್ಷಕರೊಡನೆ ಕುಳಿತು ಪರಿಶೀಲಿಸಿ.

ಹಣ ಬಂದ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ. ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅನುದಾನ ಅನಿರೀಕ್ಷಿತವಾಗಿ ಬಂದ ಮೊದಲ ವರ್ಷ ಮಕ್ಕಳ ಅಂಕಗಳು ಏರಿದವು. ಎರಡನೆಯ ವರ್ಷ ಅದು ಬರುವುದೆಂದು ಮೊದಲೇ ತಿಳಿದಿದ್ದ ಪೋಷಕರು ಮಕ್ಕಳ ಓದಿಗೆ ಮನೆಯಿಂದ ಮಾಡುತ್ತಿದ್ದ ಖರ್ಚನ್ನು ಕಡಿಮೆ ಮಾಡಿದ್ದರಿಂದ ಆ ಏರಿಕೆ ಕಾಣಲಿಲ್ಲ. ಹಾಗೆಂದು ಹಣ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪು. ಅಮೆರಿಕದಲ್ಲಿ ಹನ್ನೆರಡು ವರ್ಷಗಳ ಶಾಲಾ ಅವಧಿಯುದ್ದಕ್ಕೂ ತಲಾ ವೆಚ್ಚ ಶೇ 10ರಷ್ಟು ಹೆಚ್ಚಿದಾಗ ಅದರ ಲಾಭ ಬಡ ಮಕ್ಕಳಿಗೇ ಹೆಚ್ಚು ದೊರೆಯಿತೆಂದು 2016ರ ಅಧ್ಯಯನ ತೋರಿಸಿದೆ. ಇವೆರಡರಿಂದ ನಮ್ಮ ಸಮಿತಿಗಳು ಕಲಿಯಬೇಕಾದುದು ಇಷ್ಟು: ಮನೆಯವರು ಹೇಗೂ ಕೊಡಿಸುವ ನೋಟ್‌ಬುಕ್, ಪೆನ್ಸಿಲ್‌ಗಳಿಗಿಂತ ಮನೆಯಲ್ಲಿ ಕೊಡಿಸಲಾಗದ್ದಕ್ಕೆ ಹಣ ವಿನಿಯೋಗಿಸಬೇಕು, ಮತ್ತು ಅದು ವರ್ಷವರ್ಷವೂ ನಡೆಯಬೇಕು.

ಈ ದೃಷ್ಟಿಯಿಂದ ಗೋಡೆಗೆ ಬಣ್ಣ ಬಳಿಯುವುದಕ್ಕಿಂತ, 1995ರಲ್ಲಿ ಇದೇ ತಾಲ್ಲೂಕಿನಲ್ಲಿ ಹುಟ್ಟಿದ, ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯ ಹರಿದುಹೋದ ಕಾರ್ಡುಗಳನ್ನು ಬದಲಿಸುವುದು, ಓದಲು ಬಾರದ ಮಕ್ಕಳಿಗೆ ಸರಳ ಕಥೆಪುಸ್ತಕಗಳನ್ನು ತರುವುದು ಹೆಚ್ಚು ಅಗತ್ಯವೆಂಬುದು ನನ್ನ ದೃಢ ಅಭಿಪ್ರಾಯ. ನೀರು, ಶೌಚಾಲಯಗಳ ದುರಸ್ತಿಯನ್ನು ಮಾತ್ರ ಮುಂದೂಡಬೇಡಿ. ಅನುದಾನದ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಮೀಸಲು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಸಮಿತಿಯದೇ ಕೆಲಸ. ಜೂನ್‌ನಲ್ಲಿ ಪ್ರತಿ ಮಗುವಿನಿಂದ ಹಿಂದಿನ ತರಗತಿಯ ಪಾಠದ ಒಂದು ಪುಟ ಓದಿಸಿ, ತೊಡಕಿರುವವರನ್ನು ಗುರುತಿಸಿ, ಅದರ ಮೇಲೆ ಯೋಜನೆ ರೂಪಿಸಿ. ಪ್ರತಿ ಸಭೆಯಲ್ಲಿ ನಗದು ಪುಸ್ತಕ ಮತ್ತು ಬಿಲ್ಲುಗಳನ್ನು ಎಲ್ಲ ಸದಸ್ಯರ ಮುಂದಿಡುವಂತೆ ಕೇಳಿ. ಓದಲು ಬಾರದ ತಾಯಂದಿರಿಗೆ ಅವನ್ನು ಓದಿ ಹೇಳಿ. ಲೆಕ್ಕ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಶಿಕ್ಷಕರ ಕೊರತೆ ಈ ಅನುದಾನದಿಂದ ನೀಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂಬ ನಿಯಮವನ್ನು ಉಲ್ಲೇಖಿಸಿ, ಅತಿಥಿ ಶಿಕ್ಷಕರಿಗಾಗಿ ಸಮಿತಿಯ ನಿರ್ಣಯವನ್ನು ಶಾಲೆ ಆರಂಭವಾದ ಕೂಡಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.