ಗೀಸರ್ ಬಿಸಿಯಾಗ್ತಿಲ್ವಾ? ಪ್ಲಗ್ ಎಳೆದು ನೋಡಿ

ಹಿಂದೆ ಬಚ್ಚಲ ಹಂಡೆಗೆ ಎರಡು ಒಣ ತೆಂಗಿನ ಮಡಲು ತುರುಕಿದರೆ ಕೆಲಸ ಮುಗೀತಿತ್ತು. ಈಗ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೀಸರ್ ಕೈಕೊಟ್ಟರೆ ಎಲೆಕ್ಟ್ರಿಷಿಯನ್ನೇ ಗತಿ, ಅವರೂ ಆಗ ಸಿಗುವುದು ಅಷ್ಟಕ್ಕಷ್ಟೆ. ಫೋನ್ ಮಾಡುವ ಮೊದಲು ಇಷ್ಟು ನೋಡಿಬಿಡಿ.

ಮೊದಲು ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್. ಬಿದ್ದಿದ್ದರೆ ಒಂದೇ ಸಲ ಮೇಲೆತ್ತಿ. ಮತ್ತೆ ಬಿತ್ತಾ? ಹಟ ಬೇಡ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬೀಳುತ್ತಿದ್ದರಂತೂ ನೀರು ಕಾಯಿಸುವ ಕಾಯಿಲ್ ಒಡೆದು ನೀರಿಗೆ ಕರೆಂಟ್ ಸೋರುತ್ತಿರಬಹುದು, ಗೀಸರ್ ಮುಟ್ಟಲೇಬೇಡಿ.

ಅದು ಸರಿಯಿದ್ದರೆ ಸ್ವಿಚ್ ಆಫ್ ಮಾಡಿ ಪ್ಲಗ್ ಎಳೆಯಿರಿ. ಮಲ್ಪೆ, ಸುರತ್ಕಲ್ ಕಡೆ, ಕಡಲ ಹತ್ತಿರದ ಮನೆಗಳಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೇ. ಉಪ್ಪುಗಾಳಿಗೆ ಹಿತ್ತಾಳೆ ಪಿನ್ ಹಸಿರುಗಟ್ಟುತ್ತದೆ, ಹಿಡಿತ ಸಡಿಲವಾಗುತ್ತದೆ, 2000 ವ್ಯಾಟ್ ಗೀಸರ್ ಎಳೆಯುವ ಸುಮಾರು 9 ಆಂಪಿಯರ್ ಕರೆಂಟ್ ಆ ಸಡಿಲ ಜಾಗದಲ್ಲೇ ಕಾದು ಸಾಕೆಟ್ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ. ಮೂಗು ಹತ್ತಿರ ತಂದರೆ ಸುಟ್ಟ ವಾಸನೆ. ಪ್ಲಗ್, ಸಾಕೆಟ್ ಎರಡನ್ನೂ 16 ಆಂಪಿಯರಿನದ್ದೇ ಹಾಕಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಆಮೇಲೆ ಲೈಟ್. ಹೀಟಿಂಗ್ ಲೈಟ್ ಗಂಟೆಗಟ್ಟಲೆ ಉರಿದರೂ ನೀರು ತಣ್ಣಗೇ ಇದ್ದರೆ ಕಾಯಿಲ್ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ಆ ಲೈಟ್ ಬರುವುದೇ ಇಲ್ಲ, ಪವರ್ ಲೈಟ್ ಮಾತ್ರ ಇದೆ ಅಂದರೆ ನೀರಿನ ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್ ಅಥವಾ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಕಟೌಟಿನ ತೊಂದರೆ. ಕೆಲವು ಗೀಸರ್‌ಗಳಲ್ಲಿ ಕವರ್ ಒಳಗೆ ಕಟೌಟಿನ ಸಣ್ಣ ಬಟನ್ ಇರುತ್ತದೆ. ಎಂಸಿಬಿ ಆಫ್ ಮಾಡಿ, ಪ್ಲಗ್ ತೆಗೆದು, ಅದನ್ನು ಒತ್ತಿದರೆ ಟಿಕ್ ಅನ್ನುತ್ತದೆ. ಕಟೌಟ್ ಮತ್ತೆ ಮತ್ತೆ ಹಾರುತ್ತಿದ್ದರೆ ಥರ್ಮೋಸ್ಟಾಟ್ ಬದಲಿಸಲೇಬೇಕು. ‘ಥರ್ಮೋಸ್ಟಾಟ್, ಕಟೌಟ್ ಬೈಪಾಸ್ ಮಾಡಿ ನೇರ ಕನೆಕ್ಷನ್ ಕೊಡ್ತೇನೆ, ಖರ್ಚು ಕಮ್ಮಿ’ ಅನ್ನುವವರನ್ನು ಗೇಟಿನಿಂದಲೇ ಕಳಿಸಿ. ಟ್ಯಾಂಕ್ ಒಡೆಯುವುದು ಹಾಗೇ.

ಉಗುರುಬೆಚ್ಚಗೆ ಬರ್ತಿದೆಯಾ? ವೋಲ್ಟೇಜ್ ಕಮ್ಮಿ ಇರಬಹುದು. 230 ವೋಲ್ಟಿನಲ್ಲಿ 2000 ವ್ಯಾಟ್ ಗೀಸರಿನ 15 ಲೀಟರ್ ನೀರು 60 ಡಿಗ್ರಿಗೆ ಬರಲು 17-18 ನಿಮಿಷ ಸಾಕು, 180ಕ್ಕೆ ಇಳಿದರೆ ಹೆಚ್ಚುಕಮ್ಮಿ ಅರ್ಧ ಗಂಟೆ. ಕಾಯುವುದು ಬಿಟ್ಟು ಬೇರೇನೂ ಮಾಡಬೇಕಿಲ್ಲ.

ವೋಲ್ಟೇಜೂ ಸರಿ ಇದೆ ಅಂದರೆ ಬಿಸಿನೀರು, ತಣ್ಣೀರು ಬೆರೆಸಿ ಕೊಡುವ ಮಿಕ್ಸರ್ ನಲ್ಲಿಯನ್ನು ನೋಡಿ. ಗೀಸರ್ ಆಫ್ ಮಾಡಿ, ಅದಕ್ಕೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ಕಡೆ ತಿರುಗಿಸಿ. ಆಗಲೂ ನೀರು ಬರುತ್ತಲೇ ಇದ್ದರೆ ಮಿಕ್ಸರ್ ಒಳಗೇ ತಣ್ಣೀರು ಸೇರುತ್ತಿದೆ. ಕರೆಯಬೇಕಾದ್ದು ಪ್ಲಂಬರನ್ನು, ಎಲೆಕ್ಟ್ರಿಷಿಯನ್ ಅಲ್ಲ.